ಸಹಿ ಯಾರದು, ಅದು ಹೋಗಿದ್ದು ಯಾರಿಗೆ: ಬ್ರಿಟಿಷ್ ಲೇಖಕರ ಪತ್ರ, ಪುಸ್ತಕ ಸಂಗ್ರಹಿಸುವುದು ಹೇಗೆ?

ಇಂಗ್ಲಿಷ್ ಕಾದಂಬರಿಕಾರ್ತಿ ಶಾರ್ಲೆಟ್ ಬ್ರಾಂಟೆ 1855ರಲ್ಲಿ ತೀರಿಕೊಂಡಾಗ ಅವರ ತಂದೆ ಪ್ಯಾಟ್ರಿಕ್ ಬ್ರಾಂಟೆ ಅವರಿಗೆ 78 ವರ್ಷ. ಆರು ಮಕ್ಕಳಲ್ಲಿ ಒಬ್ಬರೂ ಉಳಿದಿರಲಿಲ್ಲ. ಇಂಗ್ಲೆಂಡಿನ ಹಾವರ್ತ್ ಎಂಬ ಊರಿನಲ್ಲಿ ಅವರು ಪಾದ್ರಿ. ಮಗಳು ಹೋದ ಮೇಲೆ ಅವರ ಮನೆಗೆ ಅಭಿಮಾನಿಗಳ ಕಾಗದಗಳು ಬರತೊಡಗಿದವು. ಶಾರ್ಲೆಟ್ ಕೈಬರಹದ ಒಂದು ಚೂರಾದರೂ ಕಳಿಸಿ ಎಂಬುದೇ ಎಲ್ಲರ ಬೇಡಿಕೆ. ಮುದುಕರು ಇಲ್ಲ ಅನ್ನಲಿಲ್ಲ. ಮಗಳ ಪತ್ರಗಳನ್ನೇ ಕತ್ತರಿಸಿ, ಸಣ್ಣ ಸಣ್ಣ ಪಟ್ಟಿ ಮಾಡಿ ಕೇಳಿದವರಿಗೆಲ್ಲ ಹಂಚಿದರು.

ಹಾಗೆ ಪಡೆದವರ ಕೈಗೆ ಬಂದಿದ್ದೇನು? ಅಕ್ಷರ ಶಾರ್ಲೆಟ್ ಅವರದೇ, ಅನುಮಾನವಿಲ್ಲ. ಆದರೆ ಅದು ಪತ್ರವಲ್ಲ. ಮಗಳು ಅಪ್ಪನಿಗೆ ಏನು ಹೇಳಿದಳು ಅನ್ನೋದು ಅದರಲ್ಲಿಲ್ಲ. ಲೇಖಕರ ಸಹಿ, ಪತ್ರ, ಪುಸ್ತಕ ಸಂಗ್ರಹಿಸುವ ಹವ್ಯಾಸದ ಕೇಂದ್ರದಲ್ಲಿರುವ ಪ್ರಶ್ನೆ ಇದೇ. ದೊಡ್ಡವರ ಹೆಸರು ಕಾಗದದ ಮೇಲೆ ಇದ್ದರೆ ಸಾಕು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಪಳಗಿದವರು ಮಾತ್ರ ಹೆಸರಿನ ಮೇಲಿನ ಸಾಲು ನೋಡುತ್ತಾರೆ. ಯಾರಿಗೆ ಬರೆದದ್ದು, ಯಾವಾಗ, ಯಾಕೆ? ಬೆಲೆ ನಿಂತಿರುವುದು ಅಲ್ಲಿ. ಕಳ್ಳಮಾಲು ಸಿಕ್ಕಿಬೀಳುವುದೂ ಅಲ್ಲೇ.

ಮೊದಲು ಈ ವ್ಯಾಪಾರದ ಮಾತುಗಳನ್ನು ಸ್ವಲ್ಪ ಬಿಡಿಸಿಕೊಳ್ಳೋಣ. ಲಂಡನ್ನಿನ ಹರಾಜು ಪಟ್ಟಿಗಳಲ್ಲಿ ಎ.ಎಲ್.ಎಸ್. ಅಂತ ಇದ್ದರೆ ಪೂರ್ತಿ ಲೇಖಕರೇ ಕೈಯಲ್ಲಿ ಬರೆದು ಸಹಿ ಹಾಕಿದ ಪತ್ರ. ಟಿ.ಎಲ್.ಎಸ್. ಅಂದರೆ ಟೈಪ್ ಮಾಡಿದ್ದು, ಸಹಿ ಮಾತ್ರ ಕೈಯದು. ಸಹಜವಾಗಿ ಮೊದಲನೆಯದಕ್ಕೆ ಬೆಲೆ ಜಾಸ್ತಿ. ಪುಸ್ತಕಗಳಲ್ಲೂ ಹೀಗೆ ಮೆಟ್ಟಿಲುಗಳಿವೆ. ಬರೀ ಸಹಿ ಇರುವ ಪ್ರತಿ ಕೆಳಗಿನ ಮೆಟ್ಟಿಲು. ಇಂಥವರಿಗೆ ಅಂತ ಹೆಸರು ಬರೆದು ಸಹಿ ಮಾಡಿದ್ದರೆ ಇನ್ನೊಂದು. ಯಾರೂ ಕೇಳದೆ ಲೇಖಕರೇ ತಾವಾಗಿ ಕೊಟ್ಟ ಪ್ರತಿಯನ್ನು ಪ್ರೆಸೆಂಟೇಶನ್ ಕಾಪಿ ಅನ್ನುತ್ತಾರೆ. ಲೇಖಕರ ಬದುಕಿಗೋ ಆ ಪುಸ್ತಕಕ್ಕೋ ನಿಜವಾದ ನಂಟಿರುವ ವ್ಯಕ್ತಿಯ ಪ್ರತಿಯಾದರೆ ಅದು ಅಸೋಸಿಯೇಶನ್ ಕಾಪಿ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಅದು. ಗೊತ್ತಿಲ್ಲದ ಯಾರದೋ ಹೆಸರು ಬರೆದಿದ್ದರೆ ಪುಸ್ತಕ ಹಾಳಾಯಿತು ಅಂತ ಮೂಗು ಮುರಿಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಗೊತ್ತಿಲ್ಲದ ಹೆಸರು ಯಾರದು ಅಂತ ಹುಡುಕುವುದರಲ್ಲೇ ಅರ್ಧ ಸುಖವಿದೆ. ಕೆಲವೊಮ್ಮೆ ಹುಡುಕಾಟ ಎಲ್ಲಿಗೋ ಕರೆದೊಯ್ಯುತ್ತದೆ.

ಸಹಿ ಇದ್ದ ಮಾತ್ರಕ್ಕೆ ಪುಸ್ತಕ ಅಪರೂಪ ಅಂತಲೂ ಅಲ್ಲ. ವರ್ಜೀನಿಯಾ ವುಲ್ಫ್ ಅವರ 'ಎ ರೂಮ್ ಆಫ್ ಒನ್ಸ್ ಓನ್' 1929ರಲ್ಲಿ ಬಂದಾಗ 492 ಪ್ರತಿಗಳ ಒಂದು ವಿಶೇಷ ಮುದ್ರಣವೂ ಬಂತು. ಪ್ರತಿಯೊಂದಕ್ಕೂ ಸಂಖ್ಯೆ, ಪ್ರತಿಯೊಂದರಲ್ಲೂ ನೇರಳೆ ಶಾಯಿಯಲ್ಲಿ ವುಲ್ಫ್ ಸಹಿ. ಚೆಂದದ ವಸ್ತು, ದುಬಾರಿಯೂ ಹೌದು. ಆದರೆ ಆ 492 ಸಹಿಗಳೂ ಹಾಕಿದ್ದು ಮಾರುವುದಕ್ಕಾಗಿ. ಅದೇ ವುಲ್ಫ್ ಒಬ್ಬ ಗೆಳತಿಗೆ ಕೊಟ್ಟ ಮಾಮೂಲಿ ಪ್ರತಿ ಬೇರೆಯೇ ಜಾತಿಯದು. ಈಗಿನ ಕಾಲದಲ್ಲಂತೂ ಪ್ರಕಾಶಕರು ಬಿಡಿ ಹಾಳೆಗಳ ಕಟ್ಟನ್ನೇ ಲೇಖಕರ ಮನೆಗೆ ಕಳಿಸುತ್ತಾರೆ. ಅವರು ಕೂತು ಸಾವಿರಗಟ್ಟಲೆ ಸಹಿ ಹಾಕುತ್ತಾರೆ. ಆಮೇಲೆ ಆ ಹಾಳೆಗಳನ್ನು ಪುಸ್ತಕಕ್ಕೆ ಸೇರಿಸಿ ಬೈಂಡ್ ಮಾಡುತ್ತಾರೆ. ಲೇಖಕರು ಆ ಪುಸ್ತಕವನ್ನು ಮುಟ್ಟಿಯೂ ಇರುವುದಿಲ್ಲ! ಹಾಗಾಗಿ ಇಂಥ ಪುಸ್ತಕಕ್ಕಿಂತ ಶೀರ್ಷಿಕೆ ಪುಟದ ಮೇಲೇ ನೇರವಾಗಿ ಸಹಿ ಮಾಡಿದ್ದಕ್ಕೆ ಸಂಗ್ರಾಹಕರಲ್ಲಿ ಗೌರವ ಹೆಚ್ಚು.

ಬೆಲೆ ಎಷ್ಟಾಗುತ್ತದೆ ಅನ್ನೋದಕ್ಕೆ ಲೇಖಕರ ಕೀರ್ತಿಯೊಂದೇ ಕಾರಣವಲ್ಲ. ಎಷ್ಟು ಬರೆದರು, ಅದರಲ್ಲಿ ಎಷ್ಟು ಉಳಿದಿದೆ ಅನ್ನೋದೂ ಅಷ್ಟೇ ಮುಖ್ಯ. ಜೇನ್ ಆಸ್ಟಿನ್ ಮತ್ತು ಚಾರ್ಲ್ಸ್ ಡಿಕನ್ಸ್ ಅವರನ್ನು ಪಕ್ಕಪಕ್ಕ ಇಟ್ಟು ನೋಡಿ. ಆಸ್ಟಿನ್ ಪತ್ರಗಳಲ್ಲಿ ಉಳಿದಿರುವುದು ಸುಮಾರು 160. ಅವರು ಬರೆದಿದ್ದು ಸಾವಿರಗಟ್ಟಲೆ ಇದ್ದಿರಬೇಕು. ಅಕ್ಕ ಕಸಾಂಡ್ರಾ ತಮ್ಮ ಕೊನೆಗಾಲದಲ್ಲಿ ಬಹುಪಾಲು ಸುಟ್ಟುಹಾಕಿದರು, ಕೆಲವನ್ನು ಅಲ್ಲಲ್ಲಿ ಕತ್ತರಿಸಿ ಉಳಿಸಿದರು. ಉಳಿದವುಗಳಲ್ಲಿ ಹೆಚ್ಚಿನವು ಈಗಾಗಲೇ ಗ್ರಂಥಾಲಯ ಸೇರಿವೆ. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲೇ ದೊಡ್ಡ ಗಂಟಿದೆ. ಹಾಗಾಗಿ ಒಂದೇ ಒಂದು ಪತ್ರ ಹರಾಜಿಗೆ ಬಂದರೂ ಸುದ್ದಿ. 1813ರಲ್ಲಿ ಬರೆದ ಒಂದು ಪತ್ರ 2019ರಲ್ಲಿ 2 ಲಕ್ಷ ಡಾಲರ್ ದಾಟಿ ಹೋಯಿತು. ಅದರಲ್ಲಿರುವ ವಿಷಯವೇನು? ಅಣ್ಣನ ಹೆಣ್ಣುಮಕ್ಕಳನ್ನು ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದು!

ಆಸ್ಟಿನ್ ಸಹಿ ಇರುವ ಕಾದಂಬರಿ ಹುಡುಕುವವರಿಗೆ ಇನ್ನೂ ಕಷ್ಟ. ಅವರು ಬದುಕಿದ್ದಾಗ ಪುಸ್ತಕಗಳು ಅವರ ಹೆಸರಿಲ್ಲದೆ ಬಂದವು. ಮೊದಲನೆಯದರ ಮೇಲೆ 'ಒಬ್ಬ ಮಹಿಳೆಯಿಂದ' ಅಂತ ಮಾತ್ರ ಇತ್ತು. 'ಎಮ್ಮಾ' ಬಂದಾಗ ಹತ್ತಿರದವರಿಗೆ ಹಂಚಲು ಕೆಲವು ಪ್ರತಿಗಳನ್ನು ತೆಗೆದಿರಿಸಲಾಯಿತು. ಗೆಳತಿ ಆನ್ ಶಾರ್ಪ್ ಅವರಿಗೆ ಹೋದ ಪ್ರತಿ ಉಳಿದಿದೆ. ಒಳಗೆ 'ಲೇಖಕಿಯಿಂದ' ಎಂದು ಬರೆದಿದೆ. ಅಕ್ಷರ ಮಾತ್ರ ಆಸ್ಟಿನ್ ಅವರದಲ್ಲ, ಪ್ರಕಾಶಕರ ಕಚೇರಿಯ ಗುಮಾಸ್ತನದು. ಆದರೂ ಅದು ಭಾರೀ ಬೆಲೆಗೆ ಹೋಯಿತು. ಸಹಿಯೇ ಇಲ್ಲದ ಪುಸ್ತಕ, ಆದರೆ ಹೋದದ್ದು ಯಾರ ಕೈಗೆ ಅನ್ನೋದು ಗೊತ್ತಿದೆ. ಅಷ್ಟು ಸಾಕಾಯಿತು.

ಡಿಕನ್ಸ್ ಇದಕ್ಕೆ ತದ್ವಿರುದ್ಧ. ಅವರ ಪತ್ರಗಳ ಪಿಲ್‌ಗ್ರಿಮ್ ಆವೃತ್ತಿ 12 ಸಂಪುಟಗಳಲ್ಲಿದೆ. 14,000ಕ್ಕೂ ಹೆಚ್ಚು ಪತ್ರಗಳು! ಹೆಸರಿನ ಕೆಳಗೆ ಗೆರೆಗಳನ್ನು ಸುತ್ತಿ ಸುತ್ತಿ ಎಳೆಯುವ ಆ ಸಹಿ ಎಲ್ಲರಿಗೂ ಪರಿಚಿತ. ಊಟಕ್ಕೆ ಬರಲಾಗುವುದಿಲ್ಲ ಅಂತ ಬರೆದ ಎರಡು ಸಾಲಿನ ಚೀಟಿ, ಪತ್ರಿಕೆಗೆ ಬಂದ ಬರಹ ಬೇಡ ಅಂತ ತಿಳಿಸುವ ಕಾಗದ, ಇಂಥವು ಮಾರುಕಟ್ಟೆಗೆ ಬರುತ್ತಲೇ ಇರುತ್ತವೆ. ಅವು ಅಗ್ಗವಲ್ಲ, ಆದರೆ ಆಸ್ಟಿನ್ ಹತ್ತಿರ ಸುಳಿಯಲೂ ಆಗದವರು ಇಲ್ಲಿ ಪ್ರಯತ್ನಿಸಬಹುದು. ಕಾದಂಬರಿಯ ಪಾತ್ರದ ಬಗ್ಗೆ ಒಂದು ಸಾಲು ಇದ್ದರೆ ಮಾತ್ರ ಬೆಲೆ ಹಲವು ಪಟ್ಟು ಏರುತ್ತದೆ. ಒಂದು ತಮಾಷೆ ನೋಡಿ. ಡಿಕನ್ಸ್ 1860ರ ಸೆಪ್ಟೆಂಬರಿನಲ್ಲಿ ತಮ್ಮ ಗ್ಯಾಡ್ಸ್ ಹಿಲ್ ಮನೆಯ ಹಿಂದೆ ಬೆಂಕಿ ಹಾಕಿ, ಇಪ್ಪತ್ತು ವರ್ಷಗಳಲ್ಲಿ ತಮಗೆ ಬಂದ ಪತ್ರಗಳನ್ನೆಲ್ಲ ಸುಟ್ಟರು. ಅವರು ಬರೆದದ್ದು ಉಳಿಯಿತು. ಅವರಿಗೆ ಬಂದದ್ದು ಬೂದಿಯಾಯಿತು. ಪತ್ರ ಉಳಿಯಬೇಕೋ ಬೇಡವೋ ಅನ್ನೋದು ಬರೆದವರ ಕೈಯಲ್ಲಿಲ್ಲ, ಪಡೆದವರ ಕೈಯಲ್ಲಿದೆ.

ಶಾರ್ಲೆಟ್ ಬ್ರಾಂಟೆ ತಮ್ಮ ಬ್ರಸೆಲ್ಸ್ ಮೇಷ್ಟ್ರು ಕಾನ್‌ಸ್ಟಾಂಟಿನ್ ಹೆಗರ್ ಅವರಿಗೆ ಬರೆದ ಪತ್ರಗಳ ಕಥೆ ಇದನ್ನೇ ಹೇಳುತ್ತದೆ. ಮೇಷ್ಟ್ರು ಓದಿ ಹರಿದು ಎಸೆದರು. ಅವರ ಹೆಂಡತಿ ಆ ಚೂರುಗಳನ್ನು ಹೆಕ್ಕಿ ಸೂಜಿದಾರದಲ್ಲಿ ಹೊಲಿದು ಇಟ್ಟರು. ಪ್ರೀತಿಯಿಂದ ಅಲ್ಲ ಅನ್ನೋದಂತೂ ಊಹಿಸಬಹುದು. ಉಳಿದ ನಾಲ್ಕು ಪತ್ರಗಳನ್ನು ಹೆಗರ್ ಮಕ್ಕಳು 1913ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟರು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೊಲಿಗೆ ಈಗಲೂ ಕಾಣುತ್ತದೆ.

ಹೆಸರಿನದ್ದೂ ಒಂದು ಗೊಂದಲವಿದೆ. ಜಾರ್ಜ್ ಎಲಿಯಟ್ ಅನ್ನುವ ಗಂಡಸಿನ ಹೆಸರಿನಲ್ಲಿ ಕಾದಂಬರಿ ಬರೆದ ಮೇರಿ ಆನ್ ಇವಾನ್ಸ್ ತಮ್ಮ ಪತ್ರಗಳಿಗೆ ಸಂಗಾತಿಯ ಹೆಸರು ಸೇರಿಸಿ 'ಎಂ. ಇ. ಲೂಯಿಸ್' ಅಂತ ಸಹಿ ಮಾಡುತ್ತಿದ್ದರು. ಲೂಯಿಸ್ ಕ್ಯಾರಲ್ ಅನ್ನುವ ಹೆಸರನ್ನು ಆಕ್ಸ್‌ಫರ್ಡಿನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್ಜ್‌ಸನ್ ಪುಸ್ತಕಗಳಿಗೆ ಮೀಸಲಿಟ್ಟಿದ್ದರು. ಅಪರಿಚಿತರು ಆ ಹೆಸರಿಗೆ ಬರೆದರೆ ಅವರಿಗೆ ಸಿಟ್ಟು. ತಮಗೂ ಆ ಹೆಸರಿನ ಪುಸ್ತಕಗಳಿಗೂ ಸಂಬಂಧವಿದೆ ಅಂತ ತಾವು ಒಪ್ಪುವುದಿಲ್ಲ ಅನ್ನುವ ಅಚ್ಚಾದ ಕಾಗದವನ್ನೇ ಇಟ್ಟುಕೊಂಡಿದ್ದರು. ಪತ್ರದ ವಿಷಯದಲ್ಲಿ ಮಹಾ ಶಿಸ್ತು. 1861ರಿಂದ ಬಂದ ಪತ್ರ, ಹೋದ ಪತ್ರ ಎರಡನ್ನೂ ಒಂದು ದಾಖಲೆ ಪುಸ್ತಕದಲ್ಲಿ ನಮೂದಿಸುತ್ತಿದ್ದರು. ಕೊನೆಯ ನಮೂದಿನ ಸಂಖ್ಯೆ 98,721. ಹೀಗಿರುವಾಗ ದೊಡ್ಡದಾಗಿ 'ಲೂಯಿಸ್ ಕ್ಯಾರಲ್' ಎಂಬ ಸಹಿಯಿರುವ ವ್ಯವಹಾರದ ಪತ್ರ ಸಿಕ್ಕರೆ ಕುಣಿಯಬೇಡಿ. ಮೊದಲು ಅನುಮಾನಪಡಿ.

ಈಗ ಪತ್ರವನ್ನು ಕೈಗೆ ತೆಗೆದುಕೊಳ್ಳೋಣ. ಏನು ಬರೆದಿದೆ ಅಂತ ಓದುವ ಮುಂಚೆ ಅದು ಎಂಥ ವಸ್ತು ಅಂತ ನೋಡಬೇಕು. ಬ್ರಿಟನ್ನಿನಲ್ಲಿ ಒಂದು ಪೆನ್ನಿ ಅಂಚೆ ಬಂದಿದ್ದು 1840ರಲ್ಲಿ. ಅದಕ್ಕೆ ಮುಂಚೆ ದೂರ ಎಷ್ಟು, ಹಾಳೆ ಎಷ್ಟು ಅಂತ ಲೆಕ್ಕ ಹಾಕಿ ಕಾಸು ತೆಗೆದುಕೊಳ್ಳುತ್ತಿದ್ದರು. ಅದೂ ಸಾಮಾನ್ಯವಾಗಿ ಪತ್ರ ಪಡೆದವರಿಂದ. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯ ಲೆಕ್ಕ. ಹಾಗಾಗಿ ಜನ ಬರೆದ ಹಾಳೆಯನ್ನೇ ಮಡಚಿ, ಹೊರಮೈಯಲ್ಲಿ ವಿಳಾಸ ಬರೆದು, ಅರಗಿನಿಂದ ಮುದ್ರೆ ಒತ್ತುತ್ತಿದ್ದರು. ಜಾಗ ಮುಗಿದರೆ ಹಾಳೆಯನ್ನು ತಿರುಗಿಸಿ, ಬರೆದ ಸಾಲುಗಳ ಮೇಲೇ ಅಡ್ಡಲಾಗಿ ಮತ್ತೆ ಬರೆಯುತ್ತಿದ್ದರು. ಓದುವವರ ಕಣ್ಣಿನ ಗತಿ ಕೇಳಬೇಡಿ. ಆ ಕಾಲದ ಅಂಚೆ ಪತ್ರದಲ್ಲಿ ಮಡಿಕೆಯ ಗುರುತು, ಅರಗಿನ ಕಲೆ, ಮುದ್ರೆ ಬಿಚ್ಚುವಾಗ ಹರಿದ ಸಣ್ಣ ತೂತು ಇರಬೇಕು. ಅವು ಕುಂದಲ್ಲ, ಸಾಕ್ಷಿ.

ಸಂಸತ್ ಸದಸ್ಯರಿಗೂ ಲಾರ್ಡ್‌ಗಳಿಗೂ ಆಗ ಅಂಚೆ ಉಚಿತವಿತ್ತು. ವಿಳಾಸದ ಬದಿಯ ಕೆಳಗೆ ಎಡಮೂಲೆಯಲ್ಲಿ ಅವರ ಸಹಿ ಇದ್ದರೆ ಕಾಸಿಲ್ಲದೆ ಹೋಗುತ್ತಿತ್ತು. ಕವಿ ಬೈರನ್ ಕೂಡ ಲಾರ್ಡ್. ವಿಳಾಸದ ಬದಿಯಲ್ಲಿ 'ಬೈರನ್' ಅಂತ ಕಂಡರೆ ಅದು ಅಭಿಮಾನಿಗೆ ಕೊಟ್ಟ ಹಸ್ತಾಕ್ಷರವಲ್ಲ, ಅಂಚೆ ಉಳಿತಾಯ. ಹತ್ತೊಂಬತ್ತನೇ ಶತಮಾನದ ಸಂಗ್ರಾಹಕರು ಇಂಥ ಸಹಿಯಿರುವ ವಿಳಾಸದ ಬದಿಗಳನ್ನು ಕತ್ತರಿಸಿ ಆಲ್ಬಂಗೆ ಅಂಟಿಸುತ್ತಿದ್ದರು. ಒಳಗಿನ ಪತ್ರ ಎಲ್ಲಿ ಹೋಯಿತೋ! ಆ ಅಂಟಿಸುವ ಚಟ ಎಷ್ಟು ಪತ್ರಗಳನ್ನು ಕೊಂದಿದೆ ಅನ್ನೋದಕ್ಕೆ ಲೆಕ್ಕವಿಲ್ಲ.

ಕಾಗದವನ್ನು ಬೆಳಕಿಗೆ ಹಿಡಿದರೆ ತಯಾರಕರ ವಾಟರ್‌ಮಾರ್ಕ್ ಕಾಣುತ್ತದೆ. 1794ರ ಒಂದು ತೆರಿಗೆ ಕಾನೂನಿನಿಂದಾಗಿ ಇಂಗ್ಲಿಷ್ ಕಾಗದಗಳಲ್ಲಿ ಇಸವಿಯೂ ಕಾಣಿಸತೊಡಗಿತು. ಪತ್ರದ ತಾರೀಖು 1808, ಒಳಗಿನ ಗುರುತು 1815 ಅಂತಿದ್ದರೆ ಕಥೆ ಮುಗಿಯಿತು. ಶಾಯಿಯೂ ಮಾತಾಡುತ್ತದೆ. ಹಳೆಯ ಕಬ್ಬಿಣಾಂಶದ ಶಾಯಿ ಕಾಲ ಕಳೆದಂತೆ ಕಂದಾಗುತ್ತದೆ, ಕಾಗದದೊಳಗೆ ಇಳಿದು ಕೆಲವೊಮ್ಮೆ ಅದನ್ನು ಕೊರೆದೂ ಬಿಡುತ್ತದೆ. ಬಾಲ್‌ಪೆನ್ ಜನರ ಜೇಬಿಗೆ ಬಂದಿದ್ದು ಎರಡನೇ ಮಹಾಯುದ್ಧದ ನಂತರ. 1941ರಲ್ಲಿ ತೀರಿಕೊಂಡ ವುಲ್ಫ್ ಸಹಿ ಬಾಲ್‌ಪೆನ್ನಿನಲ್ಲಿದ್ದರೆ ಮುಂದಿನ ಮಾತೇ ಬೇಡ. ಇನ್ನೊಂದು ಸರಳ ಪರೀಕ್ಷೆ ಇದೆ. ಮನುಷ್ಯ ಎರಡು ಸಲ ಒಂದೇ ಥರ ಸಹಿ ಮಾಡಲಾರ. ಎರಡು ಸಹಿಗಳನ್ನು ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಅಂದರೆ ಒಂದು ಯಂತ್ರದ್ದು, ಇಲ್ಲವೇ ಅಚ್ಚಿನದು.

ಅಚ್ಚಿನ ಮೋಸಕ್ಕೆ ಒಳ್ಳೆಯ ಉದಾಹರಣೆ ವಿನ್‌ಸ್ಟನ್ ಚರ್ಚಿಲ್. ರಾಜಕಾರಣಿ ನಿಜ, ಆದರೆ 1953ರ ಸಾಹಿತ್ಯದ ನೊಬೆಲ್ ಅವರಿಗೇ ಸಿಕ್ಕಿದ್ದು. ಲೇಖಕರಾಗಿ ಅವರು ಕಣ್ಣು ಬಿಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. 1896ರಲ್ಲಿ ಸೇನಾಧಿಕಾರಿಯಾಗಿ ದಂಡು ಪ್ರದೇಶಕ್ಕೆ ಬಂದರು. ಅಮ್ಮನಿಗೆ ಪತ್ರ ಬರೆದು ಗಿಬ್ಬನ್, ಮೆಕಾಲೆ ಅವರ ಇತಿಹಾಸದ ಪುಸ್ತಕಗಳನ್ನು ತರಿಸಿಕೊಂಡು ಓದಿದರು. 1898ರಲ್ಲಿ ಬಂದ ಅವರ ಮೊದಲ ಪುಸ್ತಕವನ್ನು ಬರೆದಿದ್ದೂ ಇಲ್ಲೇ. ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಅವರು ಬಾಕಿ ಉಳಿಸಿಹೋದ 13 ರೂಪಾಯಿ ಇವತ್ತಿಗೂ ದಾಖಲಾಗಿದೆ. ಆ ಬೆಂಗಳೂರು ಪತ್ರಗಳೆಲ್ಲ ಕುಟುಂಬದ ಕಾಗದಪತ್ರಗಳ ಜೊತೆ ಕೇಂಬ್ರಿಡ್ಜಿನ ಚರ್ಚಿಲ್ ಸಂಗ್ರಹಾಲಯ ಸೇರಿವೆ. ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಅವರ ಕೊನೆಗಾಲದ ಸರಕು. ಅದರಲ್ಲಿ ಒಂದು ಬಲೆ ಇದೆ. ಹುಟ್ಟುಹಬ್ಬಕ್ಕೂ ಇತರ ಸಂದರ್ಭಗಳಿಗೂ ಶುಭ ಕೋರಿದ ಸಾವಿರಾರು ಜನರಿಗೆ ಅವರು ಧನ್ಯವಾದದ ಚೀಟಿ ಕಳಿಸುತ್ತಿದ್ದರು. ನೋಡಲು ಅಪ್ಪಟ ಕೈಬರಹ. ಅಸಲಿಗೆ ಅದು ಕೈಬರಹದ ಪಡಿಯಚ್ಚು. ಭೂತಗನ್ನಡಿ ಹಿಡಿದು ವಾರೆಯಾಗಿ ಬೆಳಕು ಬಿಟ್ಟರೆ ಗೊತ್ತಾಗುತ್ತದೆ. ನಿಜವಾದ ಪೆನ್ನಿನ ಬರಹದಲ್ಲಿ ಗೆರೆ ಗೆರೆಯನ್ನು ದಾಟುವ ಕಡೆ ಶಾಯಿ ಗಾಢವಾಗಿರುತ್ತದೆ, ಒತ್ತಿದ ಜಾಗ ಬೇರೆ ಕಾಣುತ್ತದೆ. ಅಚ್ಚಿನಲ್ಲಿ ಎಲ್ಲವೂ ಒಂದೇ ಸಮ. ಅಜ್ಜನ ಪೆಟ್ಟಿಗೆಯಲ್ಲಿ ಚರ್ಚಿಲ್ ಕೈಬರಹ ಸಿಕ್ಕಿತು ಅಂತ ಹಿಗ್ಗಿದ ಎಷ್ಟೋ ಮಂದಿ ಇಲ್ಲಿ ನಿರಾಸೆ ಅನುಭವಿಸಿದ್ದಾರೆ. ಅದರಲ್ಲಿ ಯಾರ ಮೋಸವೂ ಇಲ್ಲ, ಪಾಪ.

ಬೇಕಂತಲೇ ಮೋಸ ಮಾಡಿದವರ ಸಾಲು ಬೇರೆಯೇ ಇದೆ. ಶೇಕ್ಸ್‌ಪಿಯರ್ ಸಹಿಗಳಲ್ಲಿ ಒಪ್ಪಿತವಾದವು ಆರು ಮಾತ್ರ, ಎಲ್ಲವೂ ಕಾನೂನಿನ ಕಾಗದಗಳ ಮೇಲೆ. ಮೂರು ಅವರ ಉಯಿಲಿನಲ್ಲೇ ಇವೆ. ಇಷ್ಟು ಬರ ಇರುವ ಕಡೆ ವಿಲಿಯಂ ಹೆನ್ರಿ ಐರ್ಲೆಂಡ್ ಅನ್ನುವ ಹುಡುಗ 1790ರ ದಶಕದಲ್ಲಿ ಶೇಕ್ಸ್‌ಪಿಯರ್ ಪತ್ರ, ಪ್ರೇಮದ ಕಾಗದ, ಕೊನೆಗೆ ಒಂದು ಇಡೀ ನಾಟಕವನ್ನೇ 'ಪತ್ತೆ' ಮಾಡಿದ. ಹಳೆಯ ಪುಸ್ತಕಗಳ ಖಾಲಿ ಹಾಳೆಗಳನ್ನು ಕಿತ್ತು ಬರೆಯುತ್ತಿದ್ದ. ಪುಸ್ತಕ ಪ್ರೇಮಿಯಾಗಿದ್ದ ಅಪ್ಪ ನಂಬಿಬಿಟ್ಟರು. ವಿದ್ವಾಂಸ ಎಡ್ಮಂಡ್ ಮಲೋನ್ 1796ರಲ್ಲಿ ಪುಸ್ತಕ ಬರೆದು ಎಲ್ಲವನ್ನೂ ಬಯಲಿಗೆಳೆದರು. ಅದರ ಬೆನ್ನಿಗೇ ಏಪ್ರಿಲ್ 2ರಂದು ಆ ನಾಟಕ ಡ್ರೂರಿ ಲೇನ್ ರಂಗಮಂದಿರದಲ್ಲಿ ಒಂದೇ ಪ್ರದರ್ಶನ ಕಂಡು ನಗೆಪಾಟಲಾಯಿತು. ಆಮೇಲೆ ಐರ್ಲೆಂಡ್ ತನ್ನ ನಕಲಿಗಳ ನಕಲಿ ಮಾಡಿ ಮಾರಿ ಕಾಸು ಮಾಡಿಕೊಂಡ!

ಬೈರನ್ನರ ಮಗ ಅಂತ ಹೇಳಿಕೊಂಡ 'ಮೇಜರ್ ಬೈರನ್' ಇನ್ನೊಬ್ಬ. ಬೈರನ್, ಶೆಲ್ಲಿ, ಕೀಟ್ಸ್ ಮೂವರ ಕೈಯನ್ನೂ ನಕಲು ಮಾಡುತ್ತಿದ್ದ. ಶೆಲ್ಲಿಯವರದ್ದು ಎನ್ನಲಾದ ಪತ್ರಗಳನ್ನು 1852ರಲ್ಲಿ ಮಾಕ್ಸನ್ ಎಂಬ ಪ್ರಕಾಶಕರು ಅಚ್ಚು ಹಾಕಿಸಿದರು. ಮುನ್ನುಡಿ ಕವಿ ರಾಬರ್ಟ್ ಬ್ರೌನಿಂಗ್ ಅವರದು. ಪುಸ್ತಕ ಬಂದ ಕೆಲವೇ ದಿನಗಳಲ್ಲಿ ಪಾಲ್‌ಗ್ರೇವ್ ಎಂಬ ಓದುಗರಿಗೆ ಒಂದು ಭಾಗ ಎಲ್ಲೋ ಓದಿದ ಹಾಗನ್ನಿಸಿತು. ಎಲ್ಲಿ? ಅವರ ಅಪ್ಪನೇ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ! ಆ ಲೇಖನ ಬಂದಾಗ ಶೆಲ್ಲಿ ಸತ್ತು ಹಲವು ವರ್ಷಗಳಾಗಿದ್ದವು. ಪ್ರಕಾಶಕರು ಪುಸ್ತಕ ವಾಪಸ್ ಪಡೆದರು. ಎಡಿನ್‌ಬರೋದ ಅಲೆಗ್ಸಾಂಡರ್ ಸ್ಮಿತ್ ಇವರಿಬ್ಬರಷ್ಟು ಕಲಾವಿದನಲ್ಲ. ವಕೀಲರ ಕಚೇರಿಯ ಗುಮಾಸ್ತ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಅವರ ಹೆಸರಿನ ಪತ್ರಗಳನ್ನು ರಾಶಿ ರಾಶಿ ತಯಾರಿಸಿ 1893ರಲ್ಲಿ ಒಂದು ವರ್ಷ ಜೈಲಿಗೆ ಹೋದ.

ಆದರೆ ನಿಜವಾಗಿ ಕಲಿಯಬೇಕಾದ ಪಾಠ ಥಾಮಸ್ ಜೇಮ್ಸ್ ವೈಸ್ ಅವರದ್ದು. ಇವರು ಬೀದಿಯ ಮೋಸಗಾರರಲ್ಲ. ಬ್ರಿಟನ್ನಿನ ಹೆಸರಾಂತ ಪುಸ್ತಕ ಸಂಗ್ರಾಹಕ, ಗ್ರಂಥಸೂಚಿಕಾರ, ಬಿಬ್ಲಿಯಗ್ರಾಫಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದವರು. ಯಾವ ಪುಸ್ತಕ ಅಸಲಿ ಅಂತ ಜಗತ್ತು ಅವರನ್ನೇ ಕೇಳುತ್ತಿತ್ತು. ಅವರು ಕಂಡುಕೊಂಡ ಉಪಾಯ ಬಹಳ ನಾಜೂಕಾದದ್ದು. ಇರುವ ಪುಸ್ತಕವನ್ನು ನಕಲು ಮಾಡಿದರೆ ಪಕ್ಕದಲ್ಲಿಟ್ಟು ಹೋಲಿಸಿ ಹಿಡಿಯುತ್ತಾರೆ. ಇಲ್ಲದ ಪುಸ್ತಕವನ್ನೇ ಸೃಷ್ಟಿಸಿದರೆ? ಹೋಲಿಸಲು ಅಸಲಿಯೇ ಇರುವುದಿಲ್ಲ. ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ ಹೆಸರಾಂತ ಪ್ರೇಮ ಸಾನೆಟ್‌ಗಳು ಮೊದಲು ಅಚ್ಚಾಗಿದ್ದು 1850ರ ಸಂಕಲನದಲ್ಲಿ. ವೈಸ್ ಅದಕ್ಕೂ ಮುಂಚಿನದು ಅನ್ನುವ ಹಾಗೆ 'ರೆಡಿಂಗ್, 1847' ಎಂದು ಹಾಕಿದ ಒಂದು ಕಿರುಪುಸ್ತಕ ಮಾಡಿಸಿದರು. ಖಾಸಗಿಯಾಗಿ ಗೆಳೆಯರಿಗಾಗಿ ಅಚ್ಚಾದದ್ದು ಅಂತ ಕಥೆ. ಹೀಗೆ ಹತ್ತಾರು ಕಿರುಪುಸ್ತಕಗಳು, ಟೆನಿಸನ್, ರಸ್ಕಿನ್, ಡಿಕನ್ಸ್ ಹೆಸರಿನಲ್ಲಿ. ತಮ್ಮದೇ ಗ್ರಂಥಸೂಚಿಗಳಲ್ಲಿ ಅವನ್ನು ಸೇರಿಸಿ ಅಧಿಕೃತ ಮಾಡಿದರು.

ಜಾನ್ ಕಾರ್ಟರ್, ಗ್ರಹಾಂ ಪೊಲಾರ್ಡ್ ಎಂಬ ಇಬ್ಬರು ಯುವ ಪುಸ್ತಕ ವ್ಯಾಪಾರಿಗಳು 1934ರಲ್ಲಿ ಇದನ್ನು ಮುರಿದರು. ಕಾಗದವನ್ನು ಪರೀಕ್ಷೆಗೆ ಕೊಟ್ಟರು. 1847ರ ಪುಸ್ತಕದಲ್ಲಿ ರಾಸಾಯನಿಕವಾಗಿ ಸಂಸ್ಕರಿಸಿದ ಮರದ ತಿರುಳಿತ್ತು, ಅಂಥ ಕಾಗದ ಬಳಕೆಗೆ ಬಂದದ್ದು ದಶಕಗಳ ನಂತರ. ಅಚ್ಚಿನ ಮೊಳೆಗಳೂ ಆಮೇಲಿನವು. ಆದರೆ ಲ್ಯಾಬಿಗಿಂತ ಮುಂಚೆ ಅವರಿಗೆ ಅನುಮಾನ ಹುಟ್ಟಿಸಿದ ಸಂಗತಿ ನನಗೆ ಜಾಸ್ತಿ ಇಷ್ಟ. ಗೆಳೆಯರಿಗೆ ಹಂಚಲೆಂದೇ ಅಚ್ಚು ಹಾಕಿಸಿದ ಪುಸ್ತಕ ಅಂತೀರಿ. ಹಾಗಾದರೆ 'ಪ್ರೀತಿಯ ಇಂಥವರಿಗೆ' ಅಂತ ಬರೆದುಕೊಟ್ಟ ಒಂದು ಪ್ರತಿಯಾದರೂ ಸಿಗಬೇಕಲ್ವಾ? ಒಂದೂ ಇಲ್ಲ. ಎಲ್ಲ ಪ್ರತಿಗಳೂ ಖಾಲಿ, ಶುಭ್ರ, ಯಾರ ಕೈಯೂ ಸೋಕದ ಹಾಗೆ. ಆ ಕಾಲದ ಯಾರ ಪತ್ರದಲ್ಲೂ ಅದರ ಸುದ್ದಿಯಿಲ್ಲ. ಕಳ್ಳನನ್ನು ಹಿಡಿದುಕೊಟ್ಟದ್ದು ಇಲ್ಲದ ಸಹಿ.

ವೈಸ್ 1937ರಲ್ಲಿ ತೀರಿಕೊಂಡರು. ಅವರ ಗ್ರಂಥಭಂಡಾರವನ್ನು ಬ್ರಿಟಿಷ್ ಮ್ಯೂಸಿಯಂ 66,000 ಪೌಂಡಿಗೆ ಕೊಂಡಿತು. ಇಪ್ಪತ್ತು ವರ್ಷದ ನಂತರ ಇನ್ನೊಂದು ವಿಷಯ ಹೊರಬಂತು. ಆ ಭಂಡಾರದ ಹಳೆಯ ನಾಟಕಗಳನ್ನು ಪೂರ್ತಿ ಮಾಡಲು ವೈಸ್ ಹಾಳೆಗಳನ್ನು ಕದ್ದಿದ್ದರು. ಎಲ್ಲಿಂದ? ಅದೇ ಬ್ರಿಟಿಷ್ ಮ್ಯೂಸಿಯಂ ಪ್ರತಿಗಳಿಂದ. ತನ್ನ ಹಾಳೆಗಳಿಗೆ ಮ್ಯೂಸಿಯಂ ತಾನೇ ದುಡ್ಡು ಕೊಟ್ಟಂತಾಯಿತು. ವೈಸ್ ನಕಲಿಗಳಿಗೂ ಈಗ ಸಂಗ್ರಾಹಕರಿದ್ದಾರೆ ಅನ್ನೋದನ್ನು ಹೇಳದೆ ಬಿಡಲಾರೆ.

ಇಷ್ಟೆಲ್ಲ ಕೇಳಿದ ಮೇಲೆ ಮಾರುವವರು ಕೊಡುವ 'ಅಸಲಿ' ಅನ್ನುವ ಪ್ರಮಾಣಪತ್ರವನ್ನು ಎಷ್ಟು ನಂಬಬೇಕು? ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದ ಕಾಗದ ಅದು. ಸೈಟು ಕೊಳ್ಳುವಾಗ ಮೂಲಪತ್ರ, ಇ.ಸಿ. ಎಲ್ಲ ಕೇಳುತ್ತೇವಲ್ಲ, ಇಲ್ಲೂ ಹಾಗೇ. ಲೇಖಕರ ಕೈಯಿಂದ ಯಾರಿಗೆ ಹೋಯಿತು, ಅವರಿಂದ ಯಾರಿಗೆ, ಯಾವ ಹರಾಜಿನಲ್ಲಿ ಯಾವಾಗ ಬಂತು ಅನ್ನುವ ಸರಪಳಿ ಬೇಕು. ಲಂಡನ್ನಿನ ಹರಾಜು ಸಂಸ್ಥೆ ಸೋದಬೀಸ್ 1744ರಲ್ಲಿ ಪುಸ್ತಕದ ಹರಾಜಿನಿಂದಲೇ ಶುರುವಾದದ್ದು. ಹಾಗಾಗಿ ಹಳೆಯ ಹರಾಜು ಪಟ್ಟಿಗಳು ಇನ್ನೂರು ವರ್ಷದ ಹಿಂದಿನ ಕೊಂಡಿಯನ್ನೂ ತೋರಿಸಬಲ್ಲವು. ಬ್ರಿಟನ್ನಿನ ಪುರಾತನ ಪುಸ್ತಕ ವ್ಯಾಪಾರಿಗಳ ಸಂಘ 1906ರಿಂದ ಇದೆ. ಅದರ ಸದಸ್ಯರಿಂದ ಕೊಂಡರೆ ಆಮೇಲೆ ನಕಲಿ ಅಂತ ಗೊತ್ತಾದಾಗ ಕೇಳಲು ಒಂದು ಬಾಗಿಲಿರುತ್ತದೆ. ಸ್ವಲ್ಪ ದುಡ್ಡು ಜಾಸ್ತಿ ಹೋಗುತ್ತದೆ, ಹೋಗಲಿ.

ಹೊಸದಾಗಿ ಶುರುಮಾಡುವವರು ಡಿಕನ್ಸ್, ಆಸ್ಟಿನ್ ಬೆನ್ನು ಹತ್ತುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. 1930ರಿಂದ 1967ರವರೆಗೆ ಆಸ್ಥಾನ ಕವಿಯಾಗಿದ್ದ ಜಾನ್ ಮೇಸ್‌ಫೀಲ್ಡ್, ವಾಲ್ಟರ್ ಡಿ ಲಾ ಮೇರ್, ಎಡ್ಮಂಡ್ ಬ್ಲಂಡನ್ ಇಂಥವರು ಧಾರಾಳವಾಗಿ ಪತ್ರ ಬರೆದವರು. ಇವರನ್ನು ನಕಲು ಮಾಡಿ ಯಾರಿಗೂ ಹೆಚ್ಚು ಲಾಭವಿಲ್ಲ, ಆದ್ದರಿಂದ ಅಪಾಯ ಕಡಿಮೆ. ವಿಷಯವಿರುವ ಇಡೀ ಪತ್ರ ಸಿಗುತ್ತದೆ. ದೊಡ್ಡ ಹೆಸರಿನ ಕತ್ತರಿಸಿದ ಚೂರಿಗಿಂತ ಅದು ಎಷ್ಟೋ ಮೇಲು. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಅಂಗಡಿಗಳಲ್ಲೋ ಬ್ರಿಗೇಡ್ ರಸ್ತೆ ಬಳಿಯ ಸೆಲೆಕ್ಟ್ ಪುಸ್ತಕದಂಗಡಿಯಲ್ಲೋ ಹಳೆಯ ಇಂಗ್ಲಿಷ್ ಪುಸ್ತಕ ಕಂಡರೆ ಮೊದಲ ಖಾಲಿ ಹಾಳೆ ತಿರುವಿ ನೋಡುವ ಅಭ್ಯಾಸ ಒಳ್ಳೆಯದು. ಬಹುತೇಕ ಸಲ ಸಿಗೋದು ಯಾವುದೋ ಕಾನ್ವೆಂಟಿನ ಬಹುಮಾನದ ಚೀಟಿ. ಆದರೂ ನೋಡಿ.

ಪತ್ರ ಕೊಂಡ ಮೇಲೆ ಅದು ನಿಮ್ಮದೇ? ಅರ್ಧ ಮಾತ್ರ. 1741ರಲ್ಲಿ ಕವಿ ಅಲೆಗ್ಸಾಂಡರ್ ಪೋಪ್, ತಮ್ಮ ಪತ್ರಗಳನ್ನು ಕೇಳದೆ ಅಚ್ಚು ಹಾಕಿದ ಕರ್ಲ್ ಎಂಬ ಪ್ರಕಾಶಕನ ಮೇಲೆ ಮೊಕದ್ದಮೆ ಹೂಡಿದರು. ನ್ಯಾಯಾಲಯ ಹೇಳಿದ್ದು ಇಷ್ಟು: ಕಾಗದ ಪಡೆದವರದು, ಅದರಲ್ಲಿನ ಮಾತು ಬರೆದವರದು. ಇವತ್ತಿಗೂ ನಿಯಮ ಅದೇ. ನೀವು ಪತ್ರ ಮಾರಬಹುದು, ಯಾರಿಗಾದರೂ ಕೊಡಬಹುದು. ಆದರೆ ಅನುಮತಿಯಿಲ್ಲದೆ ಪೂರ್ತಿ ಪಠ್ಯ ಪ್ರಕಟಿಸುವಂತಿಲ್ಲ. ಬ್ರಿಟನ್ನಿನಲ್ಲಿ ಎಂದೂ ಅಚ್ಚಾಗದ ಬಹಳಷ್ಟು ಹಳೆಯ ಬರಹಗಳ ಹಕ್ಕು, ಬರೆದವರು ಸತ್ತು ನೂರಾರು ವರ್ಷವಾಗಿದ್ದರೂ, 2039ರ ಕೊನೆಯವರೆಗೆ ಉಳಿದಿದೆ. ವಿಚಿತ್ರ, ಆದರೆ ನಿಜ.

ಇದು ನಮಗೆ ದೂರದ ವಿಷಯವೂ ಅಲ್ಲ. ಮೈಸೂರಿನ ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿಯನ್ನು ಲಂಡನ್ನಿನ ಪ್ರಕಾಶಕರೆಲ್ಲ ವಾಪಸ್ ಕಳಿಸಿದಾಗ, ಅದನ್ನು ಥೇಮ್ಸ್ ನದಿಗೆ ಎಸೆದುಬಿಡು ಅಂತ ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ಅವರು ಬರೆದರು. ಗೆಳೆಯ ಎಸೆಯಲಿಲ್ಲ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರಿಗೆ ತೋರಿಸಿದರು. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಬಂದಿದ್ದು ಹಾಗೆ. ಇಬ್ಬರೂ ಮುಖಾಮುಖಿಯಾಗಿದ್ದು 1956ರಲ್ಲಿ. ಅಲ್ಲಿಯವರೆಗೂ ಸ್ನೇಹ ನಡೆದದ್ದು ಅಂಚೆಯಲ್ಲೇ. ಶೀರ್ಷಿಕೆ ಬದಲಾದದ್ದು, ನಾರಾಯಣಸ್ವಾಮಿ ಎಂಬ ಹೆಸರು ನಾರಾಯಣ್ ಆದದ್ದು, ಎಲ್ಲವೂ ಪತ್ರಗಳ ಮೂಲಕ. ನಾರಾಯಣ್ ಅವರ ಕಾಗದಪತ್ರಗಳ ದೊಡ್ಡ ಸಂಗ್ರಹ ಈಗ ಇರುವುದು ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ. ಗ್ರೀನ್ ಅವರು ಅಂಚಿನಲ್ಲಿ ಟಿಪ್ಪಣಿ ಬರೆದ ಪುಸ್ತಕಗಳೂ ಹತ್ತಿರದ ಬಾಸ್ಟನ್ ಕಾಲೇಜಿನಲ್ಲಿವೆ. ಇಬ್ಬರಲ್ಲಿ ಒಬ್ಬರೂ ಅಮೆರಿಕದವರಲ್ಲ!

ಹೀಗೆ ಹೊರಗೆ ಹರಿದುಹೋಗುವುದನ್ನು ತಡೆಯಲು ಬ್ರಿಟನ್ ನಿಯಮ ಮಾಡಿಕೊಂಡಿದೆ. 50 ವರ್ಷಕ್ಕಿಂತ ಹಳೆಯ ಹಸ್ತಪ್ರತಿ, ಪತ್ರಗಳನ್ನು ದೇಶದಿಂದ ಹೊರಗೆ ಒಯ್ಯಲು ರಫ್ತು ಪರವಾನಗಿ ಬೇಕು. ತೀರಾ ಮುಖ್ಯವಾದದ್ದು ಅನ್ನಿಸಿದರೆ ಸರ್ಕಾರ ಪರವಾನಗಿಯನ್ನು ಸ್ವಲ್ಪ ಕಾಲ ತಡೆಹಿಡಿದು, ದೇಶದೊಳಗಿನ ಸಂಸ್ಥೆಗಳಿಗೆ ಅದೇ ಬೆಲೆಗೆ ಕೊಳ್ಳಲು ಅವಕಾಶ ಕೊಡುತ್ತದೆ. 2012ರಲ್ಲಿ ಅಮೆರಿಕದ ಗಾಯಕಿ ಕೆಲ್ಲಿ ಕ್ಲಾರ್ಕ್‌ಸನ್ 1,52,450 ಪೌಂಡ್ ಕೊಟ್ಟು ಕೊಂಡ ಜೇನ್ ಆಸ್ಟಿನ್ ಉಂಗುರ ಹೀಗೇ ಇಂಗ್ಲೆಂಡಿನಲ್ಲೇ ಉಳಿಯಿತು. 2021ರಲ್ಲಿ ಇನ್ನೂ ದೊಡ್ಡದು ನಡೆಯಿತು. ಸುಮಾರು ನೂರು ವರ್ಷ ಜನರ ಕಣ್ಣಿಗೆ ಬೀಳದಿದ್ದ ಹಾನ್ರೆಸ್‌ಫೀಲ್ಡ್ ಸಂಗ್ರಹ ಹರಾಜಿಗೆ ಬರಲಿತ್ತು. ಅದರಲ್ಲಿ ಶಾರ್ಲೆಟ್ ಅವರ ತಂಗಿ ಎಮಿಲಿ ಬ್ರಾಂಟೆ ಕೈಬರಹದ ಕವನಗಳು, ಬರ್ನ್ಸ್ ಅವರ ಟಿಪ್ಪಣಿ ಪುಸ್ತಕ, ಆಸ್ಟಿನ್ ಪತ್ರಗಳು ಎಲ್ಲ ಇದ್ದವು. ಹರಾಜು ನಿಲ್ಲಿಸಿ, ಗ್ರಂಥಾಲಯಗಳ ಪರವಾಗಿ 150 ಲಕ್ಷ ಪೌಂಡ್ ಒಟ್ಟುಮಾಡಿ ಇಡಿಯಾಗಿ ಕೊಂಡರು. ಅರ್ಧ ಹಣವನ್ನು ಲೆನ್ ಬ್ಲಾವಟ್ನಿಕ್ ಎಂಬ ಶ್ರೀಮಂತರೊಬ್ಬರೇ ಕೊಟ್ಟರು.

ಭಾರತದಲ್ಲಿ ಕೂತು ಕೊಳ್ಳುವವರಿಗೆ ಇನ್ನೊಂದು ನಿಯಮವೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಸಾಹಿತ್ಯಕ ಅಥವಾ ಐತಿಹಾಸಿಕ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳು ಪುರಾತನ ವಸ್ತುಗಳೇ. ಖಾಸಗಿಯವರು ಅವನ್ನು ರಫ್ತು ಮಾಡುವಂತಿಲ್ಲ. ನಾಳೆ ಲಂಡನ್ನಿನ ಹರಾಜಿಗೆ ಹಾಕಿ ಲಾಭ ಮಾಡುತ್ತೇನೆ ಅಂತ ಹಳೆಯ ಪತ್ರ ಮನೆಗೆ ತರಿಸುವ ಮುಂಚೆ ಇದನ್ನು ವಕೀಲರ ಬಳಿ ವಿಚಾರಿಸಿ. ಇಲ್ಲೇ ಇಟ್ಟುಕೊಳ್ಳುವುದಾದರೆ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪ್ ಹತ್ತಿರ ತರಬೇಡಿ. ಬಿಸಿಲು ಬೀಳುವ ಗೋಡೆಗೆ ಫ್ರೇಮ್ ಹಾಕಿ ತೂಗುಹಾಕಿದರೆ ಶಾಯಿ ಮಾಸುತ್ತದೆ. ಆಮ್ಲವಿಲ್ಲದ ಕಾಗದದ ಫೋಲ್ಡರ್ ಅಥವಾ ಪಾಲಿಯೆಸ್ಟರ್ ಕವರ್ ಸಾಕು. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಆಗಾಗ ತೆಗೆದು ಬೂಸ್ಟು ಬಂದಿದೆಯಾ ಅಂತ ನೋಡಬೇಕು. ಹಿಂದಿನ ಮಾಲೀಕರ ರಸೀದಿ, ಹರಾಜಿನ ಚೀಟಿ, ಜೊತೆಗೆ ಬಂದ ಲಕೋಟೆ ಯಾವುದನ್ನೂ ಎಸೆಯಬೇಡಿ. ಎಲ್ಲವನ್ನೂ ಅದೇ ಫೋಲ್ಡರಿನಲ್ಲಿ ಇಡಿ.